ಪಾಳಿವಾರು ತೂಕದ ಲೆಕ್ಕದಿಂದ ಒಟ್ಟು ಏರುಪೇರು ಕಂಡುಹಿಡಿಯುವ ಕ್ರಮ

ಪೊಟ್ಟಣ ಸಾಮಗ್ರಿಗಳನ್ನು ತಯಾರಿಸುವ ಸಣ್ಣ ಘಟಕಗಳಲ್ಲಿ ತೂಕ ಪರೀಕ್ಷೆಯ ಲೆಕ್ಕವನ್ನು ಪಾಳಿವಾರು ಇಡುವುದು ರೂಢಿ. ಒಟ್ಟು ಏರುಪೇರನ್ನು ತಿಳಿಯಬೇಕಾದಾಗ ಎರಡೂ ಪಾಳಿಗಳ ವೇರಿಯನ್ಸ್‌ಗಳನ್ನು ಕೂಡಿಸಿ ಎರಡರಿಂದ ಭಾಗಿಸುವವರುಂಟು. ಈ ಕ್ರಮವು ತಪ್ಪು. ಉದ್ಯಮಿಗೆ ಹಾನಿಕರವೂ ಹೌದು.

ಪ್ರತಿಯೊಂದು ಅಳತೆಯೂ ಸರಾಸರಿಯಿಂದ ಎಷ್ಟು ದೂರವಿದೆಯೋ ಆ ದೂರಗಳ ವರ್ಗಗಳ ಸರಾಸರಿಯೇ ವೇರಿಯನ್ಸ್. ಅದರ ವರ್ಗಮೂಲವು ಮಾನಕ ವಿಚಲನೆ.

ಒಂದು ಉದಾಹರಣೆ

500 ಗ್ರಾಂ ಪೊಟ್ಟಣಗಳನ್ನು ತುಂಬುವ ಘಟಕವೊಂದನ್ನು ಊಹಿಸಿಕೊಳ್ಳೋಣ. ಹಗಲು ಪಾಳಿಯ 60 ಪೊಟ್ಟಣಗಳ ಸರಾಸರಿ 504 ಗ್ರಾಂ, ವೇರಿಯನ್ಸ್ 9. ರಾತ್ರಿ ಪಾಳಿಯ 40 ಪೊಟ್ಟಣಗಳ ಸರಾಸರಿ 494 ಗ್ರಾಂ, ವೇರಿಯನ್ಸ್ 16. ಒಟ್ಟು ಸರಾಸರಿ ಸರಿಯಾಗಿ 500 ಗ್ರಾಂ.

1. ಪಾಳಿಗಳೊಳಗಿನ ಏರುಪೇರು: (60×9 + 40×16) ÷ 100 = 11.8
2. ಪಾಳಿಗಳ ನಡುವಿನ ಏರುಪೇರು: ಹಗಲಿನ ಸರಾಸರಿ 4 ಗ್ರಾಂ ಹೆಚ್ಚು, ರಾತ್ರಿಯದು 6 ಗ್ರಾಂ ಕಡಿಮೆ. (60×16 + 40×36) ÷ 100 = 24
3. ಒಟ್ಟು ವೇರಿಯನ್ಸ್: 11.8 + 24 = 35.8

ಮಾನಕ ವಿಚಲನೆ ಸುಮಾರು 6 ಗ್ರಾಂ. ಕೇವಲ ಕೂಡಿಸಿ ಭಾಗಿಸಿದ್ದರೆ ವೇರಿಯನ್ಸ್ 12.5, ಮಾನಕ ವಿಚಲನೆ 3.5 ಗ್ರಾಂ ಎಂದು ಬರುತ್ತಿತ್ತು. ಎರಡು ಸರಾಸರಿಗಳ ನಡುವಣ ಅಂತರವು ಆ ಲೆಕ್ಕದಲ್ಲಿ ಮರೆಯಾಗುತ್ತದೆ.

ಇದರಿಂದಾಗುವ ಪ್ರಯೋಜನ

2011ರ ಕಾನೂನು ಮಾಪನಶಾಸ್ತ್ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ 500 ಗ್ರಾಂ ಪೊಟ್ಟಣಕ್ಕೆ ಅನುಮತಿಸಲಾದ ಗರಿಷ್ಠ ಕೊರತೆ ಸಾಮಾನ್ಯವಾಗಿ 15 ಗ್ರಾಂ. ಸರಾಸರಿ 500, ವಿಚಲನೆ 3.5 ಎಂದು ನಂಬಿದವರಿಗೆ 485 ಗ್ರಾಂಗಿಂತ ಕಡಿಮೆ ತೂಕದ ಪೊಟ್ಟಣ ಇರುವ ಸಂಭವವೇ ಇಲ್ಲವೆನಿಸುತ್ತದೆ. ಆದರೆ ತೂಕಗಳು ಸಾಮಾನ್ಯ ಹಂಚಿಕೆಯನ್ನು ಅನುಸರಿಸಿದರೆ, ರಾತ್ರಿ ಪಾಳಿಯ ಸುಮಾರು 80 ಪೊಟ್ಟಣಗಳಲ್ಲಿ ಒಂದು ಆ ಮಿತಿಗಿಂತ ಕೆಳಗಿರುತ್ತದೆ. ಹಗಲು ಪಾಳಿಯಲ್ಲಾದರೋ ಪ್ರತಿ ಪೊಟ್ಟಣಕ್ಕೂ 4 ಗ್ರಾಂ ಸರಕು ಪುಕ್ಕಟೆಯಾಗಿ ಹೋಗುತ್ತಿದೆ.

ಒಟ್ಟು ಏರುಪೇರಿನ ಮೂರರಲ್ಲಿ ಎರಡು ಪಾಲು ಪಾಳಿಗಳ ವ್ಯತ್ಯಾಸದಿಂದಲೇ ಬಂದಿರುವುದು ಗಮನಾರ್ಹ. ಆದುದರಿಂದ ಹೊಸ ಯಂತ್ರಕ್ಕೆ ಬಂಡವಾಳ ಹೂಡುವ ಮೊದಲು ಎರಡೂ ಪಾಳಿಗಳ ತೂಕದ ಹೊಂದಾಣಿಕೆಯನ್ನು ಒಂದೇ ಮಟ್ಟಕ್ಕೆ ತರುವುದು ಲೇಸು. ಅಷ್ಟರಿಂದಲೇ ವಿಚಲನೆಯು 3.4 ಗ್ರಾಂಗೆ ಇಳಿಯುತ್ತದೆ.

ಒಂದು ಎಚ್ಚರಿಕೆ: ಗಣಕಯಂತ್ರವು ಸಂಖ್ಯೆಗಿಂತ ಒಂದು ಕಡಿಮೆಯಿಂದ ಭಾಗಿಸಿ ವೇರಿಯನ್ಸ್ ಕೊಟ್ಟಿದ್ದರೆ, ಮೊದಲ ಹಂತದಲ್ಲಿ 60 ಮತ್ತು 40ರ ಬದಲು 59 ಮತ್ತು 39ರಿಂದ ಗುಣಿಸಬೇಕು, ಎರಡೂ ಹಂತಗಳಲ್ಲಿ 100ರ ಬದಲು 99ರಿಂದ ಭಾಗಿಸಬೇಕು.