ಬೆರಳು ಮಡಿಸಿ ಬರೆಯುವ ಕವಿತೆ

5, 7, 5. ಕೂಡಿದರೆ 17. ಬ್ಯಾಂಕಿನಲ್ಲಿ ಲೆಕ್ಕ ಬರೆದೇ ಕೂದಲು ಬೆಳ್ಳಗಾದ ನನಗೆ ಹೈಕು ಹಿಡಿಸಿದ್ದು ಮೊದಲು ಈ ಕೂಡಿಕೆಯಿಂದಲೇ.

ಜಪಾನಿನ ಮಕ್ಕಳು ಪ್ರಾಥಮಿಕ ಶಾಲೆಯಲ್ಲೇ ಹೈಕು ಓದುತ್ತಾರೆ, ಬೆರಳು ಮಡಿಸಿ ಎಣಿಸುತ್ತಾ ಬರೆಯುತ್ತಾರೆ. 'ಹೈಕು' ಎಂಬ ಹೆಸರನ್ನು ನೆಲೆಗೊಳಿಸಿದ ಮಸಾವೋಕಾ ಶಿಕಿ (1867–1902) ಹುಟ್ಟಿದ ಮತ್ಸುಯಾಮಾ ನಗರದಲ್ಲಂತೂ ಹೈಕು ಬರೆದು ಹಾಕಲೆಂದೇ ಅಲ್ಲಲ್ಲಿ ಪೆಟ್ಟಿಗೆಗಳಿವೆ. ನಮ್ಮಲ್ಲಿಟ್ಟರೆ ಅದರೊಳಗೆ ಬೀಳುವುದು ದೂರು ಅರ್ಜಿಗಳೇ ಇರಬೇಕು!

ಶನಿವಾರ ನಮ್ಮೂರ ಶಾಲೆಯ ನಾಲ್ಕನೇ ತರಗತಿಯವರ ಜೊತೆ ಕೂರುತ್ತೇನೆ. ಮೊದಲ ತೊಡಕು ಎಣಿಕೆಯದೇ. ಜಪಾನಿಯರಿಗೆ ದೀರ್ಘ ಸ್ವರ ಎರಡು, ಪದದ ಕೊನೆಯ 'ನ್' ಕೂಡ ಒಂದು. 'ನಿಪ್ಪೊನ್' ಎಂದರೆ ಅವರ ಲೆಕ್ಕದಲ್ಲಿ 4. ಹೆಚ್ಚುಕಡಿಮೆ ನಮ್ಮ ಮಾತ್ರೆಯಂತೆ. ಆದರೆ ಲಘು-ಗುರು ಎಂದೊಡನೆ ಮಕ್ಕಳು ಆಕಳಿಸಿದರು. ಸರಿ, ಅಕ್ಷರವನ್ನೇ ಎಣಿಸೋಣ, ಒತ್ತು ಇದ್ದರೂ ಒಂದೇ ಎಂದೆ. 'ಮಳೆ' ಎರಡು, 'ಅಮ್ಮ' ಎರಡು.

ಸಂಪ್ರದಾಯದ ಹೈಕುವಿನಲ್ಲಿ ಋತುವನ್ನು ಸೂಚಿಸುವ ಪದವೊಂದು ಇರಬೇಕು. ಅದಕ್ಕೆ 'ಕಿಗೊ' ಎನ್ನುತ್ತಾರೆ. ಅವರಿಗೆ ಚೆರ್ರಿ ಹೂವು. ನಮ್ಮ ಮಕ್ಕಳು ಕೊಟ್ಟ ಪಟ್ಟಿ ಮಾವಿನ ಮಿಡಿ, ಹೊಂಗೆ ಹೂವು, ಅವರೆಕಾಯಿ ಸೊಗಡು, ಮಳೆಹುಳ.

ಒತ್ತಕ್ಷರ ತಪ್ಪೀತೆಂದು ಹೆದರಿ ಪ್ರಬಂಧದ ದಿನ ಬರೀ ಹಾಳೆ ಕೊಡುವ ಹುಡುಗನೊಬ್ಬನಿದ್ದ. ಅವನ ಅಪ್ಪ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋಗಿ ತಿಂಗಳುಗಳಾಗಿದ್ದವು. 'ಅಪ್ಪ ಊರಲ್ಲಿಲ್ಲ, ಬೇಸರ' ಎಂದಷ್ಟೇ ಬರೆದು ಕೂತಿದ್ದ.

"ಬೇಸರ ಅನ್ನೋದು ಬೇಡ ಮರಿ. ಅಪ್ಪಂದು ಮನೇಲಿ ಏನು ಕಾಣುತ್ತೆ?"

"ಕೊಡೆ, ತಾತ."

ಕಾಲು ಗಂಟೆ ಬೆರಳು ಮಡಿಸಿ, ಬಿಚ್ಚಿ, ಅಳಿಸಿ ಹಾಳೆ ತಂದ:

ಅಪ್ಪನ ಕೊಡೆ
ಮೂಲೆಯಲ್ಲಿ ನಿಂತಿದೆ
ಹೊರಗೆ ಮಳೆ

'ಅಪ್ಪ'ನಿಗೆ ಒತ್ತು ಬಿಟ್ಟಿದ್ದ. ನಾನು ಕೆಂಪು ಪೆನ್ನು ತೆಗೆಯಲಿಲ್ಲ. ಗಟ್ಟಿಯಾಗಿ ಓದು ಎಂದೆ. ಓದಿದವನೇ ನಾಲಿಗೆ ಕಚ್ಚಿಕೊಂಡು ಒತ್ತು ಹಾಕಿದ. ಮತ್ತೆ ಎಣಿಸಿ, ಲೆಕ್ಕ ತಪ್ಪಲಿಲ್ಲವೆಂದು ನಕ್ಕ.

ಅಂದು ರಾತ್ರಿ ಅಮ್ಮನ ಫೋನಿನಲ್ಲಿ ಅಪ್ಪನಿಗೂ ಓದಿ ಹೇಳಿದನಂತೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನ ನೀನೇ ತಗೊಂಡು ಹೋಗು ಮಗಾ, ನೆನೀಬೇಡ" ಅಂದರಂತೆ. ಮುಂದಿನ ಶನಿವಾರ ಹುಡುಗ ತನಗಿಂತ ದೊಡ್ಡ ಕೊಡೆ ಹಿಡಿದು ಬಂದ.