ಕೈಗೆಟುಕದ ಕನ್ನಡಿ

ಹಾಲೆಂಡಿನ ಲೈಡನ್ ನಗರದಿಂದ ಕಡಲಿನತ್ತ ಹೊರಟವನ ದಾರಿಯಲ್ಲಿ ರೈನ್ಸ್‌ಬರ್ಗ್ ಎಂಬ ಸಣ್ಣ ಊರೊಂದು ಸಿಗುತ್ತದೆ. ತನ್ನ ಸಮುದಾಯದಿಂದ ಬಹಿಷ್ಕೃತನಾದ ಸ್ಪಿನೋಜನೆಂಬ ತತ್ತ್ವಜ್ಞಾನಿಯು 1661ರಿಂದ ಎರಡು ವರ್ಷಗಳ ಕಾಲ ಇಲ್ಲಿಯ ಮನೆಯೊಂದರಲ್ಲಿ ನೆಲಸಿ, ಈಶ್ವರನನ್ನೂ ಪ್ರಕೃತಿಯನ್ನೂ ಕುರಿತು ಚಿಂತಿಸುತ್ತ, ಅದರೊಡನೆಯೇ ಗಾಜಿನ ಮಸೂರಗಳನ್ನು ಕೈಯಾರೆ ಉಜ್ಜಿ ನಯಗೊಳಿಸುತ್ತಿದ್ದನು. ವಕ್ರೀಭವನದ ನಿಯಮವನ್ನು ಕಂಡ ಸ್ನೆಲ್ ಲೈಡನ್ನಿನವನೇ. ಅಣ್ಣನೊಡಗೂಡಿ ತಾನೇ ಉಜ್ಜಿದ ಮಸೂರದ ಮೂಲಕ 1655ರಲ್ಲಿ ಶನಿಯ ಉಪಗ್ರಹ ಟೈಟನ್ನನ್ನು ಮೊದಲು ನೋಡಿದ ಕ್ರಿಸ್ಟಿಯಾನ್ ಹೈಗೆನ್ಸನು ಹುಟ್ಟಿದ ಹೇಗ್ ನಗರವೂ ಇಲ್ಲಿಗೆ ದೂರವಲ್ಲ. ರೈನ್ಸ್‌ಬರ್ಗನ್ನು ದಾಟಿ ಇನ್ನು ಕೆಲವೇ ಮೈಲಿ ಮುಂದುವರಿದರೆ ನೂರ್ಡ್‌ವೈಕ್. ಅಲ್ಲಿ ಕಡಲಂಚಿನ ಮರಳದಿಬ್ಬಗಳ ಮಗ್ಗುಲಲ್ಲಿ ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ತಾಂತ್ರಿಕ ಕೇಂದ್ರವಾದ ಎಸ್ಟೆಕ್ ಇದೆ. ಹೈಗೆನ್ಸನ ಹೆಸರನ್ನೇ ಹೊತ್ತ ಆ ಸಂಸ್ಥೆಯ ಶೋಧನೌಕೆಯೊಂದು 2005ರ ಜನವರಿ 14ರಂದು ಅದೇ ಟೈಟನ್ನಿನ ನೆಲಕ್ಕೆ ಇಳಿಯಿತು. ಮುನ್ನೂರೈವತ್ತು ವರ್ಷಗಳಲ್ಲಿ ಮಸೂರದ ಕಸಬು ಈ ಸೀಮೆಯನ್ನು ಬಿಟ್ಟು ಹೋದಂತೆ ಕಾಣುವುದಿಲ್ಲ.

ಆ ಕಸಬಿಗೆ ಇಂದು ಹೊಸಬರು ಪ್ರವೇಶಿಸುವ ಬಾಗಿಲುಗಳಲ್ಲಿ ಒಂದನ್ನು ಕುರಿತು ಈ ಲೇಖನ. ಸ್ನಾತಕೋತ್ತರ ಪದವಿಯನ್ನು ಆಗತಾನೆ ಮುಗಿಸಿದ, ಇಲ್ಲವೆ ಮುಗಿಸುವ ಹಂತದಲ್ಲಿರುವ ತರುಣತರುಣಿಯರನ್ನು ಸಂಸ್ಥೆಯು ‘ಗ್ರಾಜುಯೇಟ್ ಟ್ರೈನಿ’ ಎಂಬ ಹೆಸರಿನಲ್ಲಿ ವರ್ಷಕ್ಕೊಮ್ಮೆ ಆರಿಸಿಕೊಳ್ಳುತ್ತದೆ; ಅವಧಿ ಸಾಮಾನ್ಯವಾಗಿ ಒಂದು ವರ್ಷ, ಕೆಲವರಿಗೆ ಇನ್ನೊಂದು ವರ್ಷದ ವಿಸ್ತರಣೆಯೂ ಉಂಟು. ನಮ್ಮ ಅಜ್ಜಂದಿರ ಕಾಲದ ಕಚೇರಿಗಳಲ್ಲಿ ಉಮೇದುವಾರರೆಂಬವರಿದ್ದರು. ಸಂಬಳವಿಲ್ಲದೆ ಕಾಗದಪತ್ರಗಳನ್ನು ನಕಲು ಮಾಡುತ್ತ, ಶಿರಸ್ತೇದಾರರ ಕೃಪಾದೃಷ್ಟಿ ತಮ್ಮ ಮೇಲೆ ಬೀಳುವುದನ್ನೇ ಕಾಯುತ್ತ ವರ್ಷಗಳನ್ನು ಸವೆಸುತ್ತಿದ್ದ ಆ ಪಾಪದ ಜೀವಿಗಳೊಡನೆ ಈ ಶಿಕ್ಷಾರ್ಥಿಗಳನ್ನು ಹೋಲಿಸಲಾಗದು, ಏಕೆಂದರೆ ಇವರಿಗೆ ಜೀವನಕ್ಕೆ ಸಾಕಾಗುವಷ್ಟು ವೇತನವಿದೆ, ಮೇಲೊಬ್ಬ ಅನುಭವಸ್ಥ ಮಾರ್ಗದರ್ಶಿಯಿದ್ದಾನೆ, ಮತ್ತು ಮೊದಲ ವಾರದಿಂದಲೇ ನಿಜವಾದ ಯಂತ್ರವೊಂದರ ನಿಜವಾದ ಪ್ರಶ್ನೆಯೊಂದು ಮೇಜಿನ ಮೇಲಿರುತ್ತದೆ.

ಆ ಪ್ರಶ್ನೆ ಎಂಥದು? ದೃಗ್ವಿಜ್ಞಾನವನ್ನು ಕಾಲೇಜಿನಲ್ಲಿ ಓದಿ ಬಂದವನಿಗೆ ಮಸೂರವೆಂದರೇನು, ಕನ್ನಡಿಯೆಂದರೇನು ಎಂಬುದು ತಿಳಿದೇ ಇರುತ್ತದೆ. ತಿಳಿಯದಿರುವುದು, ಭೂಮಿಯ ಮೇಲೆ ಕಟ್ಟಿದ ದೃಗ್ಯಂತ್ರವು ಆಕಾಶದಲ್ಲಿ ಅದೇ ಯಂತ್ರವಾಗಿ ಉಳಿಯುವುದಿಲ್ಲವೆಂಬುದು. ಮಸೂರವು ಬೆಳಕನ್ನು ಎಷ್ಟು ಬಾಗಿಸುತ್ತದೆಂಬುದು ಗಾಜೊಂದರಿಂದಲೇ ನಿರ್ಧಾರವಾಗುವ ಸಂಗತಿಯಲ್ಲ. ಅದನ್ನು ಸುತ್ತುವರಿದ ಗಾಳಿಗೂ ಅದರಲ್ಲಿ ಪಾಲಿದೆ. ಗಾಳಿಯ ವಕ್ರೀಭವನಾಂಕ ಸುಮಾರು 1.00027, ನಿರ್ವಾತದ್ದು 1. ದಶಮಾಂಶದ ನಾಲ್ಕನೆಯ ಸ್ಥಾನದಲ್ಲಿ ಅಡಗಿರುವ ಈ ಅಲ್ಪ ಅಂತರದಿಂದಾಗಿ, ಪ್ರಯೋಗಾಲಯದಲ್ಲಿ ಕೂದಲೆಳೆಯಷ್ಟೂ ತಪ್ಪದಂತೆ ಕೂಡಿಸಿದ ಮಸೂರಸಮೂಹದ ನಾಭಿಯು ನಿರ್ವಾತವನ್ನು ಹೊಕ್ಕೊಡನೆ ತುಸು ಹತ್ತಿರಕ್ಕೆ ಸರಿದು, ನಕ್ಷತ್ರದ ಬಿಂದುವು ಮಸುಕಾದ ಬಿಲ್ಲೆಯಾಗಿಬಿಡಬಹುದು. ಇನ್ನು ಗುರುತ್ವ. ದೊಡ್ಡ ಕನ್ನಡಿಯು ತನ್ನ ಭಾರಕ್ಕೆ ತಾನೇ ಬಾಗಿ ಕುಳಿತಿರುತ್ತದೆ. ಕಕ್ಷೆಯಲ್ಲಿ ಭಾರವಿಳಿದಾಗ ಮೈಮುರಿದು ಎದ್ದಂತೆ ಅದರ ಆಕಾರ ಬದಲಾಗುವುದರಿಂದ, ಇಲ್ಲಿ ತುಸು ತಪ್ಪಾಗಿ ಕಾಣುವ ಕನ್ನಡಿಯೇ ಅಲ್ಲಿ ಸರಿಯಾದದ್ದಾಗಬೇಕು. ಇಂಗಾಲದ ಎಳೆಗಳಿಂದ ನೇಯ್ದ ಹಗುರವಾದ ಕೊಳವೆಗಳು ಭೂಮಿಯ ತೇವವನ್ನು ಹೀರಿಕೊಂಡಿದ್ದು, ನಿರ್ವಾತದಲ್ಲಿ ಒಣಗಿ ಕುಗ್ಗುತ್ತವೆ. ಒಂದು ಪಕ್ಕಕ್ಕೆ ಬಿಸಿಲು, ಇನ್ನೊಂದು ಪಕ್ಕಕ್ಕೆ ಕಡುಶೀತ. ಲೋಹವು ಹಿಗ್ಗುತ್ತದೆ, ಕುಗ್ಗುತ್ತದೆ. ಶಾಖಕ್ಕೆ ಅಲುಗದ ಜೆರೋಡರ್ ಎಂಬ ಗಾಜುಪಿಂಗಾಣಿಯನ್ನೋ, ಗಟ್ಟಿಯಾದ ಸಿಲಿಕಾನ್ ಕಾರ್ಬೈಡನ್ನೋ ಕನ್ನಡಿಗೆ ಆರಿಸುವುದು ಈ ಕಾರಣಕ್ಕಾಗಿಯೇ.

ಆದುದರಿಂದ ಶಿಕ್ಷಾರ್ಥಿಯ ದಿನದ ಬಹುಭಾಗವು ಗಣಕದ ಮುಂದೆ, ಲಕ್ಷಾಂತರ ಕಿರಣಗಳನ್ನು ಒಂದೊಂದಾಗಿ ಕನ್ನಡಿಯಿಂದ ಕನ್ನಡಿಗೆ ಹಾಯಿಸಿ, ಇಷ್ಟು ಶಾಖಕ್ಕೆ ಇಷ್ಟು ಸರಿದರೆ ಬಿಂಬವು ಎಷ್ಟು ಕೆಡುವುದೆಂದು ಲೆಕ್ಕಹಾಕುವುದರಲ್ಲಿಯೇ ಕಳೆಯುತ್ತದೆ. ಉಳಿದದ್ದು ಪ್ರಯೋಗಾಲಯದಲ್ಲಿ. ತಲೆಯಿಂದ ಪಾದದವರೆಗೆ ಬಿಳಿಯ ಗವುಸು ತೊಟ್ಟು, ಹೀಲಿಯಂ ನಿಯಾನ್ ಲೇಸರಿನ ಕೆಂಪು ಬೆಳಕಿನಿಂದ ಕೆಲಸಮಾಡುವ ವ್ಯತಿಕರಣಮಾಪಕದ ಮುಂದೆ ಕನ್ನಡಿಯನ್ನು ನಿಲ್ಲಿಸಿದರೆ, ಬೆಳಕುಕತ್ತಲೆಯ ಪಟ್ಟೆಗಳು ಪರದೆಯ ಮೇಲೆ ಮೂಡುತ್ತವೆ. ಆ ಬೆಳಕಿನ ಅಲೆಯುದ್ದ 632.8 ನ್ಯಾನೋಮೀಟರ್; ಅದರ ಇಪ್ಪತ್ತನೆಯ ಒಂದು ಭಾಗದಷ್ಟು, ಎಂದರೆ ತಲೆಗೂದಲಿನ ದಪ್ಪವನ್ನು ಎರಡು ಸಾವಿರ ಪಾಲು ಮಾಡಿದರೆ ಬರುವುದಕ್ಕಿಂತಲೂ ಕಿರಿದಾದ ತಗ್ಗುದಿಣ್ಣೆಗಳು ಪಟ್ಟೆಗಳ ಕೊಂಕಿನಲ್ಲಿ ಗೋಚರಿಸುತ್ತವೆ. ಎಸ್ಟೆಕ್‌ನಲ್ಲಿ ಇಡೀ ಉಪಗ್ರಹವನ್ನೇ ಒಳಗಿಟ್ಟು ಪರೀಕ್ಷಿಸಬಲ್ಲ, ಹದಿನೈದು ಮೀಟರ್ ಎತ್ತರದ ನಿರ್ವಾತಕೋಶವೂ ಇದೆ. 19 ಕ್ಸೆನಾನ್ ದೀಪಗಳು ಅದರೊಳಗೆ ಸೂರ್ಯನ ಪಾತ್ರವನ್ನು ವಹಿಸುತ್ತವೆ.

ಇಷ್ಟೆಲ್ಲ ಅಳತೆಯ ನಡುವೆ, ಅಳೆಯುವ ಉಪಕರಣವನ್ನು ಅಳೆಯುವವರು ಯಾರು? ಈ ಕಸಬಿಗೆ ಬರುವ ಪ್ರತಿಯೊಬ್ಬನೂ ಕೇಳಲೇಬೇಕಾದ ಕಥೆಯೊಂದಿದೆ. 1990ರ ಏಪ್ರಿಲ್‌ನಲ್ಲಿ ಅಮೆರಿಕವು, ಐರೋಪ್ಯ ಸಂಸ್ಥೆಯ ಸಹಭಾಗಿತ್ವದಲ್ಲಿ, ಹಬಲ್ ದೂರದರ್ಶಕವನ್ನು ಕಕ್ಷೆಗೇರಿಸಿತು. 2.4 ಮೀಟರ್ ಅಗಲದ ಅದರ ಕನ್ನಡಿಯು ಅದುವರೆಗೆ ಮನುಷ್ಯನು ಉಜ್ಜಿದ ಅತ್ಯಂತ ನಯವಾದ ಕನ್ನಡಿಗಳಲ್ಲಿ ಒಂದೆಂಬುದರಲ್ಲಿ ಸಂದೇಹವಿರಲಿಲ್ಲ. ಆದರೆ ಮೊದಲ ಚಿತ್ರಗಳು ಮಂಜು ಕವಿದ ಕಿಟಕಿಯಿಂದ ನೋಡಿದಂತೆ ಬಂದವು. ವಿಚಾರಣೆಯಲ್ಲಿ ಹೊರಬಿದ್ದ ಕಾರಣವು ನಂಬಲಸಾಧ್ಯವಾದಷ್ಟು ಕ್ಷುಲ್ಲಕವಾಗಿತ್ತು. ಕನ್ನಡಿಯ ಆಕಾರವನ್ನು ಒರೆಗೆ ಹಚ್ಚಲೆಂದು ಕಟ್ಟಿದ ಉಪಕರಣದೊಳಗಿನ ಮಸೂರವನ್ನು ಒಂದು ಅಳತೆಗೋಲಿನ ತುದಿಯಿಂದ ಪ್ರತಿಫಲಿಸುವ ಬೆಳಕನ್ನು ನೋಡಿ ಕೂಡಿಸಬೇಕಾಗಿತ್ತು, ಕೋಲಿನ ತುದಿಗೆ ತೊಡಿಸಿದ ಟೊಪ್ಪಿಗೆಯ ಕಪ್ಪು ಲೇಪವು ಒಂದೆಡೆ ಕಿತ್ತುಹೋಗಿದ್ದುದರಿಂದ, ಬೆಳಕು ಕೋಲಿನ ತುದಿಯಿಂದ ಬರುವ ಬದಲು ಟೊಪ್ಪಿಗೆಯಿಂದ ಬಂತು, ಮಸೂರವು 1.3 ಮಿಲಿಮೀಟರಿನಷ್ಟು ತಪ್ಪಿ ಕುಳಿತಿತು. ಅಷ್ಟು ದೂರ ಸರಿಸಲು ಎಡೆ ಸಾಲದೆ ಹೋದಾಗ ಕೆಲಸಗಾರರು ಸಾಧಾರಣ ವಾಷರುಗಳನ್ನು ತುರುಕಿ ಎಡೆ ಮಾಡಿಕೊಂಡರು. ಏಕೆ ಸಾಲದಾಯಿತೆಂದು ಯಾರೂ ಕೇಳಲಿಲ್ಲ. ಒರೆಗಲ್ಲೇ ಖೋಟಾ ಆದ ಮೇಲೆ ಚಿನ್ನದ ಪಾಡೇನು? ಆ ಉಪಕರಣವು ಹೇಳಿದಂತೆಯೇ ಉಜ್ಜುತ್ತ ಹೋದುದರ ಫಲವಾಗಿ ಕನ್ನಡಿಯ ಅಂಚು ಸುಮಾರು ಎರಡು ಮೈಕ್ರೋಮೀಟರಿನಷ್ಟು ಹೆಚ್ಚು ಚಪ್ಪಟೆಯಾಯಿತು.

ನನ್ನ ಮನಸ್ಸನ್ನು ಹೆಚ್ಚು ಕಲಕುವುದು ಇದರ ಉತ್ತರಾರ್ಧ. ಬೇರೆ ಎರಡು ಸರಳ ಉಪಕರಣಗಳು ಈ ತಪ್ಪನ್ನು ಆಗಲೇ ತೋರಿಸಿದ್ದುವು. ಅವು ಅಷ್ಟು ಸೂಕ್ಷ್ಮವಾದುವಲ್ಲವೆಂದು, ಹೆಚ್ಚು ಬೆಲೆಬಾಳುವ ಉಪಕರಣದ ಮಾತನ್ನೇ ಪ್ರಮಾಣವೆಂದು ಹಿಡಿದು, ಆ ಸಾಕ್ಷ್ಯವನ್ನು ಬದಿಗೊತ್ತಲಾಯಿತು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ಸಣ್ಣ ಕನ್ನಡಿಗಳ ‘ಕನ್ನಡಕ’ವೊಂದನ್ನು ತೊಡಿಸಿದ ಬಳಿಕವೇ ಹಬಲ್‌ಗೆ ದೃಷ್ಟಿ ಬಂದುದು. ಆದರೆ ಹಬಲ್ ನೆಲದಿಂದ ಕೆಲವು ನೂರು ಕಿಲೋಮೀಟರುಗಳ ಎತ್ತರದಲ್ಲಿತ್ತು. ಇಂದಿನ ಹಲವು ದೂರದರ್ಶಕಗಳು ಹದಿನೈದು ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತಿವೆ. ಅಲ್ಲಿಗೆ ಕೈ ಎಟುಕುವುದಿಲ್ಲ.

ಆ ದೂರದಲ್ಲಿ ತೊಡಕಾಗುವುದು ದೊಡ್ಡ ಸಂಗತಿಯೇ ಆಗಬೇಕೆಂದಿಲ್ಲ. 2013ರಲ್ಲಿ ಹಾರಿದ ಗಾಯಾ ದೂರದರ್ಶಕದ ಬಿಸಿಲುಮರೆಯ ಅಂಚಿನಲ್ಲಿ ಚಾಚಿಕೊಂಡಿದ್ದ ಎಳೆಗಳು ಬಿಸಿಲನ್ನು ಚದುರಿಸಿ ಬೇಡದ ಬೆಳಕನ್ನು ಒಳಕ್ಕೆ ಬಿಟ್ಟವು. 2023ರ ಜುಲೈನಲ್ಲಿ ಹೊರಟ ಇನ್ನೊಂದು ದೂರದರ್ಶಕ ಯೂಕ್ಲಿಡ್‌ನ ಕನ್ನಡಿಯ ಮೇಲೆ, ಯಂತ್ರದ ಮೈಯಿಂದಲೇ ಹೊಮ್ಮಿದ ನೀರಾವಿಯು ನ್ಯಾನೋಮೀಟರುಗಳಲ್ಲಿ ಎಣಿಸಬೇಕಾದಷ್ಟು ತೆಳುವಾದ ಹಿಮವಾಗಿ ಕೂತಿತು. ಇಡೀ ದೂರದರ್ಶಕವನ್ನು ಕಾಯಿಸಿದರೆ ಕನ್ನಡಿಗಳ ಜೋಡಣೆಯೇ ಕೆಟ್ಟೀತೆಂದು ಅಂಜಿ, 2024ರ ಮಾರ್ಚಿನಲ್ಲಿ ಒಂದೇ ಒಂದು ಕನ್ನಡಿಯನ್ನು ಮೈನಸ್ 147ರಿಂದ ಮೈನಸ್ 113 ಡಿಗ್ರಿಗೆ ಏರಿಸಿದರು. ನೂರು ನಿಮಿಷ ಕಳೆದಾಗ ಬೆಳಕು ಶೇಕಡಾ 15ರಷ್ಟು ಹೆಚ್ಚಿತು. ಯಾವ ಕನ್ನಡಿಯನ್ನು ಎಷ್ಟು ಕಾಯಿಸಬೇಕೆಂಬ ಇಂಥ ಲೆಕ್ಕಗಳ ಯಾವುದೋ ಒಂದು ತುಣುಕೇ ಶಿಕ್ಷಾರ್ಥಿಯೊಬ್ಬನು ವರ್ಷವಿಡೀ ಮಾಡುವ ಕೆಲಸವಾಗಬಹುದು.

ವರ್ಷವೆಂದರೆ ಈ ಲೋಕದಲ್ಲಿ ಎಷ್ಟು ಅಲ್ಪ! ಗಾಯಾ ಯೋಜನೆಗೆ ಒಪ್ಪಿಗೆ ದೊರೆತದ್ದು 2000ದಲ್ಲಿ, ಅದು ನೋಟವನ್ನು ನಿಲ್ಲಿಸಿದ್ದು 2025ರ ಜನವರಿಯಲ್ಲಿ. ಗುರುತ್ವದ ಅಲೆಗಳನ್ನು ಹಿಡಿಯಲೆಂದು ಮೂರು ನೌಕೆಗಳನ್ನು ಇಪ್ಪತ್ತೈದು ಲಕ್ಷ ಕಿಲೋಮೀಟರ್ ಅಂತರದಲ್ಲಿ ನಿಲ್ಲಿಸಿ ಲೇಸರ್ ಕಿರಣದಿಂದ ಬೆಸೆಯುವ ಲೀಸಾ ಯೋಜನೆಯು 2024ರ ಜನವರಿಯಲ್ಲಿ ಅಂಗೀಕೃತವಾಯಿತು. ಹಾರುವುದು 2035ರ ಹೊತ್ತಿಗೆ. ಇಪ್ಪತ್ನಾಲ್ಕರ ಹುಡುಗಿಯೊಬ್ಬಳು ಇಂದು ಅದರ ಬೆಳಕಿನ ದಾರಿಯಲ್ಲಿ ಒಂದು ಹುಸಿಪ್ರತಿಫಲನವನ್ನು ಹುಡುಕಿ ತೆಗೆದರೆ, ಅದರ ಫಲವನ್ನು ಕಾಣುವ ವೇಳೆಗೆ ಅವಳು ನಡುಹರೆಯದ ಅಂಚಿಗೆ ಬಂದಿರುತ್ತಾಳೆ. ಹೀಗಾಗಿ ಶಿಕ್ಷಾರ್ಥಿಯು ಬಿಟ್ಟುಹೋಗುವ ಬರಹಕ್ಕೆ ಇಲ್ಲಿ ವಿಶೇಷ ಬೆಲೆ: ಯಾವ ಊಹೆಯಿಂದ ಯಾವ ಅಂಕಿ ಹುಟ್ಟಿತೆಂಬುದು, ಹತ್ತು ವರ್ಷಗಳ ಅನಂತರ ಅದೇ ಮೇಜಿಗೆ ಬರುವ ಅಪರಿಚಿತನೊಬ್ಬನಿಗೆ ಅರ್ಥವಾಗುವಂತಿರಬೇಕು.

ಈ ಬಾಗಿಲು ಐರೋಪ್ಯ ಸಂಸ್ಥೆಯ ಸದಸ್ಯರಾಷ್ಟ್ರಗಳ, ಮತ್ತು ಅದರೊಡನೆ ಒಡಂಬಡಿಕೆಯುಳ್ಳ ಕೆಲವು ದೇಶಗಳ ಪ್ರಜೆಗಳಿಗಷ್ಟೇ ತೆರೆದಿದೆ. ಐರೋಪ್ಯ ಪೌರತ್ವ ಪಡೆದ ನಮ್ಮವರ ಮಕ್ಕಳು ಅರ್ಜಿ ಹಾಕಬಹುದು, ಬೆಂಗಳೂರಿನ ವಿದ್ಯಾರ್ಥಿ ಹಾಕಲಾರ. ಅದಕ್ಕಾಗಿ ಮರುಗಬೇಕಾದ ಅಗತ್ಯ ನನಗೆ ತೋರದು. ತಿರುವನಂತಪುರದ ಬಳಿಯ ಬಾಹ್ಯಾಕಾಶ ವಿಜ್ಞಾನ ತಂತ್ರಜ್ಞಾನ ಸಂಸ್ಥೆಯಲ್ಲಿ ದೃಗ್ವಿಜ್ಞಾನದ ಎಂಜಿನಿಯರಿಂಗಿನಲ್ಲಿ ಸ್ನಾತಕೋತ್ತರ ಶಿಕ್ಷಣವಿದೆ. ಇಸ್ರೋಗೆ ದೃಗ್ಯಂತ್ರಗಳನ್ನು ರೂಪಿಸುವ ಲಿಯೋಸ್ ಪ್ರಯೋಗಾಲಯವು ಬೆಂಗಳೂರಿನಲ್ಲಿಯೇ ಇದೆ. ಹೊಸಕೋಟೆಯಲ್ಲಿ ಭಾರತೀಯ ಖಭೌತ ಸಂಸ್ಥೆಯ ಎಂ. ಜಿ. ಕೆ. ಮೆನನ್ ಪ್ರಯೋಗಾಲಯವುಂಟು. ಇಸ್ರೋದ ಸೌರವೀಕ್ಷಣಾ ನೌಕೆ ಆದಿತ್ಯ ಎಲ್1 ಹೊತ್ತೊಯ್ದ, ಸೂರ್ಯನ ಬಿಂಬಕ್ಕಿಂತ ಹತ್ತು ಲಕ್ಷ ಪಟ್ಟು ಮಂಕಾದ ಕಿರೀಟವನ್ನು, ಎಂದರೆ ಕರೋನಾವನ್ನು, ನೋಡಬೇಕಾದ ಯಂತ್ರವನ್ನು ಜೋಡಿಸಿದ್ದು ಅಲ್ಲಿಯೇ. ಕನ್ನಡಿಯ ಮೇಲಿನ ಒಂದು ಧೂಳಿನ ಕಣವೂ ಅಲ್ಲಿ ಹುಸಿ ಕಿರೀಟವನ್ನು ಹುಟ್ಟಿಸಬಲ್ಲುದು.

ಅದಕ್ಕೂ ಮುನ್ನ ಹೊಸಕೋಟೆಯಲ್ಲಿ ಸಿದ್ಧವಾದದ್ದು ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕ. ನೇರಳಾತೀತ ಬೆಳಕಿಗೆ ಎಣ್ಣೆಯ ಆವಿಯ ಒಂದು ಪದರವೇ ಗೋಡೆಯಾಗಬಲ್ಲುದರಿಂದ, 2015ರ ಸೆಪ್ಟೆಂಬರ್ 28ರಂದು ಉಪಗ್ರಹವು ಕಕ್ಷೆ ಸೇರಿದರೂ, ಅದರ ಮೈಯ ಆವಿಯೆಲ್ಲ ಹೊರಟುಹೋಗಲೆಂದು ದೂರದರ್ಶಕದ ಬಾಗಿಲನ್ನು ಮುಚ್ಚಿಯೇ ಇಟ್ಟು ಎರಡು ತಿಂಗಳು ಕಾದರು. ನವೆಂಬರ್ 30ರಂದು ಬಾಗಿಲು ತೆರೆದಾಗ ಅದು ಮೊದಲು ನೋಡಿದ್ದು ಎನ್‌ಜಿಸಿ 188 ಎಂಬ, ಬಹು ಪುರಾತನವಾದ ಒಂದು ನಕ್ಷತ್ರಗುಚ್ಛವನ್ನು.