ಗೇರ್‌ಬಾಕ್ಸ್ ಬದಲಿಸಿದ ಮೇಲೂ ಆಟೋಮ್ಯಾಟಿಕ್ ಕಾರು ಓಡ್ತಿಲ್ವಾ? ಇನ್ನೊಂದು ಬಾಕ್ಸ್‌ಗೆ ದುಡ್ಡು ಕೊಡೋ ಮುಂಚೆ ಇಷ್ಟು ನೋಡಿಸಿ

ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಕಾರುಗಳು ಈಗ ತಾಲ್ಲೂಕು ಪೇಟೆಗಳಲ್ಲೂ ಬೇಕಾದಷ್ಟಿವೆ. ಹತ್ತು ವರ್ಷ ಓಡಿದ ಗಾಡಿಯ ಗೇರ್‌ಬಾಕ್ಸ್ ಒಂದಿನ ಕೈಕೊಡುತ್ತೆ. ಹೊಸ ಬಾಕ್ಸ್ ರೇಟ್ ಕೇಳಿದರೆ ತಲೆ ತಿರುಗುತ್ತೆ, ಹಾಗಾಗಿ ಜನ ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದಲೋ ಬೇರೆ ಎಲ್ಲಿಂದಲೋ ಹಳೇ ಬಾಕ್ಸ್ ತರಿಸಿ ಹಾಕಿಸ್ತಾರೆ. ತೊಂದರೆ ಶುರುವಾಗೋದು ಆಮೇಲೆ. ಗಾಡಿ ಅಲುಗಾಡಲ್ಲ, ಅಥವಾ ಒಂದೇ ಗೇರಲ್ಲಿ ಓಡುತ್ತೆ, ಅಥವಾ ಒದರುತ್ತೆ. ಗ್ಯಾರೇಜಿನವರು 'ಬಾಕ್ಸೇ ಸರಿಯಿಲ್ಲ, ಇನ್ನೊಂದು ತರಿಸೋಣ' ಅಂತಾರೆ. ಮಾರಿದವರು 'ನಾವು ಕೊಟ್ಟಾಗ ಸರಿ ಇತ್ತು, ನಿಮ್ಮವರೇ ಕೆಡಿಸಿದ್ದಾರೆ' ಅಂತಾರೆ. ನಡುವೆ ಸಿಕ್ಕಿಹಾಕಿಕೊಳ್ಳೋದು ಗಾಡಿ ಮಾಲೀಕ.

ಬಾಕ್ಸ್ ನಿಜವಾಗ್ಲೂ ಕೆಟ್ಟಿರಬಹುದು. ಆದರೆ ಬದಲಿಸಿದ ಕೂಡಲೇ ಬರುವ ತೊಂದರೆಗಳಲ್ಲಿ ಸುಮಾರಷ್ಟು ಜೋಡಣೆಯಲ್ಲಿ ಆದ ಎಡವಟ್ಟಿನಿಂದ ಬರುವಂಥವು. ಬಾಕ್ಸ್ ಇಳಿಸದೇ ಅದನ್ನ ಪತ್ತೆ ಮಾಡಬಹುದು.

ಮೊದಲು ನಿಮ್ಮ ಗಾಡೀಲಿ ಇರೋದು ಯಾವ ಆಟೋಮ್ಯಾಟಿಕ್ ಅಂತ ತಿಳಿದುಕೊಳ್ಳಿ. 2014ರಲ್ಲಿ ಮಾರುತಿ ಸೆಲೆರಿಯೊದಲ್ಲಿ ಬಂದ ಎಎಂಟಿ ಅಸಲಿಗೆ ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತೋ ಕೆಲಸ, ಗೇರ್ ಹಾಕೋ ಕೆಲಸ ಎರಡನ್ನೂ ಕಂಪ್ಯೂಟರ್ ಹೇಳಿದಂತೆ ಒಂದು ಆಕ್ಚುಯೇಟರ್ ಮಾಡುತ್ತೆ, ಅಷ್ಟೇ. ಅದರಲ್ಲಿ ಬಾಕ್ಸ್ ಅಥವಾ ಕ್ಲಚ್ ಬದಲಿಸಿದ ಮೇಲೆ ಸ್ಕ್ಯಾನರ್ ಹಾಕಿ ಕ್ಲಚ್ ಎಲ್ಲಿ ಹಿಡಿಯುತ್ತೆ ಅನ್ನೋದನ್ನ ಕಂಪ್ಯೂಟರ್‌ಗೆ ಮತ್ತೆ ಕಲಿಸಬೇಕು. ಇದನ್ನ ಬಿಟ್ಟರೆ ಗೇರೇ ಬೀಳದೆ ಇರಬಹುದು, ಬಿದ್ದರೂ ಕುಪ್ಪಳಿಸುತ್ತೆ. ಕೆಳಗೆ ಬರೆದಿರೋದು ಮುಖ್ಯವಾಗಿ ಟಾರ್ಕ್ ಕನ್ವರ್ಟರ್ ಇರುವ ಹಳೇ ಮಾದರಿಯ ಆಟೋಮ್ಯಾಟಿಕ್ ಬಗ್ಗೆ. ಹ್ಯುಂಡೈ ಐ10ನ ನಾಲ್ಕು ಗೇರಿನದು ಈ ಜಾತಿ. ಆಯಿಲ್, ಆಕ್ಸಲ್, ಮೌಂಟಿಂಗ್ ವಿಷಯ ಮಾತ್ರ ಸಿವಿಟಿಗೂ ಹೊಂದುತ್ತೆ.

ಯಾವ ಗೇರಲ್ಲೂ ಗಾಡಿ ಕದಲ್ತಿಲ್ಲ ಅಂದ್ರೆ ಮೊದಲು ಸ್ಪೀಡೋಮೀಟರ್ ನೋಡಿ. ಡಿಗೆ ಹಾಕಿ ಸ್ವಲ್ಪ ಆಕ್ಸಿಲರೇಟರ್ ಒತ್ತಿದಾಗ ಗಾಡಿ ನಿಂತಲ್ಲೇ ಇದ್ದು ಮುಳ್ಳು ಮಾತ್ರ ಏರಿದರೆ, ಬಾಕ್ಸ್ ಒಳಗೆ ಎಲ್ಲಾ ತಿರುಗ್ತಿದೆ ಅಂತ ಅರ್ಥ. ಚಕ್ರಕ್ಕೆ ಹೋಗೋ ಆಕ್ಸಲ್ ಶಾಫ್ಟ್ ಎಲ್ಲೋ ಒಂದು ಕಡೆ ಪೂರ್ತಿ ಒಳಗೆ ಕೂತಿಲ್ಲ. ಡಿಫರೆನ್ಷಿಯಲ್‌ನ ಗುಣವೇ ಹಾಗೆ, ಒಂದು ಕಡೆ ಬಿಡುವಾಗಿದ್ರೆ ಬಲ ಎಲ್ಲಾ ಆ ಕಡೆಯೇ ಸೋರಿ ಹೋಗಿ ಎರಡೂ ಚಕ್ರ ಸುಮ್ಮನಿರುತ್ತೆ. ಶಾಫ್ಟ್ ತುದಿಯ ಲಾಕ್ ರಿಂಗ್ 'ಟಕ್' ಅಂತ ಕೂರುವ ಹಾಗೆ ಒಳಗೆ ತಳ್ಳಿದರೆ ಕೆಲಸ ಮುಗೀತು. ಕೆಲವು ಗಾಡಿಗಳಲ್ಲಿ ಸ್ಪೀಡೋಮೀಟರ್‌ಗೆ ಮಾಹಿತಿ ಎಬಿಎಸ್‌ನಿಂದ ಹೋಗುತ್ತೆ, ಅಂಥ ಕಡೆ ಈ ಪರೀಕ್ಷೆ ಸ್ಕ್ಯಾನರ್‌ನಲ್ಲಿ ಔಟ್‌ಪುಟ್ ಸ್ಪೀಡ್ ನೋಡಿ ಮಾಡಬೇಕು.

ಇಲ್ಲೊಂದು ಅಪಾಯ ಇದೆ. ಆಕ್ಸಲ್ ಹೀಗೆ ಬಿಡುವಾಗಿದ್ದಾಗ ಪಿಗೆ ಹಾಕಿದರೂ ಗಾಡಿ ನಿಲ್ಲಲ್ಲ. ಪಾರ್ಕಿಂಗ್ ಲಾಕ್ ಹಿಡಿಯೋದು ಗೇರ್‌ಬಾಕ್ಸನ್ನ, ಚಕ್ರವನ್ನ ಅಲ್ಲ. ಇಳಿಜಾರಿನ ಗ್ಯಾರೇಜಲ್ಲಿ 'ಪಾರ್ಕಲ್ಲಿ ಇದೆಯಲ್ಲ' ಅಂತ ಮುಂದೆ ನಿಂತು ಬಾನೆಟ್ ಎತ್ತಿದವರ ಮೇಲೆ ಗಾಡಿ ಬರಬಹುದು. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲೋ ಮರದ ತುಂಡೋ ಕೊಟ್ಟೇ ಕೆಲಸ ಮಾಡಿ. ಗೇರ್ ಕೇಬಲ್ ತಪ್ಪಾಗಿ ಅಡ್ಜಸ್ಟ್ ಆಗಿದ್ರೂ ಇದೇ ಕಥೆ. ಲಿವರ್ ಪಿ ತೋರಿಸ್ತಿರುತ್ತೆ, ಬಾಕ್ಸ್ ಪೂರ್ತಿ ಪಿಗೆ ಹೋಗಿರಲ್ಲ. ಲಿವರ್‌ನ ಜಾಗಕ್ಕೂ ಮೀಟರ್‌ನಲ್ಲಿ ಬರುವ ಅಕ್ಷರಕ್ಕೂ ತಾಳೆ ಆಗ್ತಿಲ್ಲ, ಪಿ ಮತ್ತು ಎನ್‌ನಲ್ಲಿ ಸೆಲ್ಫ್ ಹೊಡೀತಿಲ್ಲ ಅಂದ್ರೆ ಕೇಬಲ್ ಮೇಲೆ, ಇಲ್ಲಾ ಬಾಕ್ಸ್ ಮೇಲಿರೋ ರೇಂಜ್ ಸೆನ್ಸರ್ ಮೇಲೆ ಅನುಮಾನ ಪಡಬೇಕು.

ಮುಳ್ಳೂ ಏರ್ತಿಲ್ಲ, ಗಾಡಿಯೂ ಹೋಗ್ತಿಲ್ಲ ಅಂದ್ರೆ ಆಯಿಲ್ ನೋಡಿ. ಮಾಮೂಲಿ ಸರ್ವೀಸಲ್ಲಿ ಪ್ಯಾನ್ ಬಿಚ್ಚಿದರೆ ಆಯಿಲ್ ಪೂರ್ತಿ ಇಳಿಯಲ್ಲ, ಒಂದಷ್ಟು ಕನ್ವರ್ಟರ್ ಒಳಗೇ ಉಳಿಯುತ್ತೆ. ಬಾಕ್ಸ್ ಬದಲಿಸಿದಾಗ ಕನ್ವರ್ಟರ್, ಕೂಲರ್ ಪೈಪ್ ಎಲ್ಲಾ ಖಾಲಿ. ಸರ್ವೀಸ್ ಲೆಕ್ಕದಲ್ಲಿ ಆಯಿಲ್ ಹಾಕಿದ್ರೆ ಸಾಲೋದೇ ಇಲ್ಲ. ಲೆವೆಲ್ ನೋಡೋ ಕ್ರಮವೂ ಬೇರೆ. ಸಾಮಾನ್ಯವಾಗಿ ಸಮತಟ್ಟಾದ ಜಾಗದಲ್ಲಿ ಎಂಜಿನ್ ಬಿಸಿಯಾಗಿ, ಓಡ್ತಿರುವಾಗ, ಬ್ರೇಕ್ ಒತ್ತಿಕೊಂಡು ಲಿವರನ್ನ ಎಲ್ಲಾ ಗೇರಿಗೂ ಒಮ್ಮೆ ತಂದು, ಆಮೇಲೆ ನೋಡ್ತಾರೆ. ಕೆಲವು ಹೊಂಡಾ ಮಾದರಿಗಳಲ್ಲಿ ಎಂಜಿನ್ ಆಫ್ ಮಾಡಿದ ಕೂಡಲೇ ನೋಡಬೇಕು. ಡಿಪ್‌ಸ್ಟಿಕ್ಕೇ ಇಲ್ಲದ ಗಾಡಿಗಳೂ ಇವೆ. ಮ್ಯಾನ್ಯುಯಲ್ ಪುಸ್ತಕ ಏನು ಹೇಳುತ್ತೋ ಅದೇ ಸರಿ. ಆಯಿಲ್ ಜಾತಿಯಲ್ಲಂತೂ 'ಎಲ್ಲಾ ಒಂದೇ' ಅನ್ನೋ ಮಾತು ನಂಬಬೇಡಿ. ಹ್ಯುಂಡೈನ ನಾಲ್ಕು ಗೇರಿನದಕ್ಕೆ ಎಸ್‌ಪಿ-3, ಆರು ಗೇರಿನದಕ್ಕೆ ಎಸ್‌ಪಿ-4. ಈಚಿನ ಹೊಂಡಾ ಸಿವಿಟಿಗೆ ಎಚ್‌ಸಿಎಫ್-2. ಸಿವಿಟಿಗೆ ಮಾಮೂಲಿ ಎಟಿಎಫ್ ಸುರಿದರೆ ಬೆಲ್ಟ್ ಜಾರಿ ಬಾಕ್ಸ್ ಹಾಳಾಗುತ್ತೆ.

ಆಯಿಲ್ ಸರಿ ಇದೆ, ಆದರೂ ಸ್ಟಾರ್ಟ್ ಮಾಡಿದ ಮೊದಲ ಕ್ಷಣದಿಂದಲೇ 'ಕುಂಯ್' ಅಂತ ಸದ್ದು, ಯಾವ ಗೇರೂ ಹಿಡೀತಿಲ್ಲ ಅಂದ್ರೆ ಸುದ್ದಿ ಒಳ್ಳೇದಲ್ಲ. ಕನ್ವರ್ಟರನ್ನ ಬಾಕ್ಸ್ ಒಳಗೆ ತಿರುಗಿಸ್ತಾ ತಳ್ಳಿದಾಗ ಅದು ಎರಡು ಮೂರು ಸಲ 'ಟಕ್ ಟಕ್' ಅಂತ ಹಂತಹಂತವಾಗಿ ಒಳಗೆ ಹೋಗಬೇಕು. ಕೊನೇ ಹಂತದ್ದು ಆಯಿಲ್ ಪಂಪಿನ ಹಲ್ಲು. ಅದು ಕೂರದೇ ಬೋಲ್ಟ್ ಬಿಗಿ ಮಾಡಿ ಎಂಜಿನ್ನಿಗೆ ಎಳೆದು ಸೇರಿಸಿದ್ರೆ ಪಂಪ್ ಒಡೆಯುತ್ತೆ. ಇದು ಗುಜರಿಯವರ ತಪ್ಪಲ್ಲ, ಹಾಕಿದವರದ್ದು. ಬಾಕ್ಸ್ ಕೂರಿಸಿದ ಮೇಲೆ ಫ್ಲೆಕ್ಸ್ ಪ್ಲೇಟ್‌ಗೂ ಕನ್ವರ್ಟರ್‌ಗೂ ನಡುವೆ ಕೆಲವು ಮಿಲಿಮೀಟರ್ ಜಾಗ ಇತ್ತಾ, ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗ್ತಿತ್ತಾ ಅಂತ ಮೆಕ್ಯಾನಿಕ್ಕನ್ನ ಕೇಳಿ. ಉತ್ತರ ತಡವರಿಸಿದರೆ ನಿಮಗೇ ಗೊತ್ತಾಗುತ್ತೆ.

ಗಾಡಿ ಹೋಗುತ್ತೆ, ಆದರೆ ಭಾರವಾಗಿ, ಒಂದೇ ಗೇರಲ್ಲಿ? ಇದನ್ನ ಲಿಂಪ್ ಮೋಡ್ ಅಂತಾರೆ. ಕಂಪ್ಯೂಟರ್‌ಗೆ ಏನೋ ಗೊಂದಲ ಆದಾಗ ಬಾಕ್ಸ್ ಉಳಿಸೋಕೆ ಅದು ಒಂದು ಗೇರಿಗೆ ಕಟ್ಟಿಹಾಕುತ್ತೆ, ಹಲವು ನಾಲ್ಕು ಗೇರಿನ ಗಾಡಿಗಳಲ್ಲಿ ಅದು ಮೂರನೇ ಗೇರ್. ಬಾಕ್ಸ್ ಬದಲಿಸಿದ ಮೇಲೆ ಬಂದಿದ್ದರೆ ಯಾವುದೋ ಕನೆಕ್ಟರ್ ಸಿಕ್ಕಿಸಿಲ್ಲ, ಪಿನ್ ಬಾಗಿದೆ, ಅಥವಾ ಬಾಕ್ಸ್‌ನಿಂದ ಬಾಡಿಗೆ ಹೋಗೋ ಅರ್ಥ್ ವೈರ್ ಹಾಕೋದು ಮರೆತಿದ್ದಾರೆ ಅಂತ ಮೊದಲು ನೋಡಿ. ಸ್ಕ್ಯಾನರ್ ಹಾಕಿಸಿ ಕೋಡ್ ಬರೆದುಕೊಳ್ಳಿ. ಪಿ0700 ಒಂದೇ ಬಂದ್ರೆ ಅದು 'ಗೇರ್‌ಬಾಕ್ಸ್ ಕಂಪ್ಯೂಟರಲ್ಲಿ ಬೇರೆ ಕೋಡ್ ಇದೆ, ಅಲ್ಲಿ ನೋಡಿ' ಅನ್ನೋ ಚೀಟಿ ಅಷ್ಟೇ. ಪಿ0705 ರೇಂಜ್ ಸೆನ್ಸರ್, ಪಿ0715 ಮತ್ತು ಪಿ0720 ಸ್ಪೀಡ್ ಸೆನ್ಸರ್‌ಗಳದ್ದು. ಇವು ಹೆಚ್ಚಾಗಿ ಹೊರಗಿನಿಂದಲೇ ರಿಪೇರಿ ಆಗುವಂಥವು. ಪಿ0730 ಬಂದ್ರೆ ಗೇರ್ ಅನುಪಾತ ತಾಳೆ ಆಗ್ತಿಲ್ಲ ಅಂತ. ಒಳಗೆ ಕ್ಲಚ್ ಜಾರ್ತಿರಬಹುದು, ಇಲ್ಲಾ ಬೇರೆ ಎಂಜಿನ್ನಿನ ಬಾಕ್ಸ್ ತಂದು ಹಾಕಿರಬಹುದು. ಹೊರಗಿನಿಂದ ನೋಡೋಕೆ ಒಂದೇ ಥರ ಇದ್ದು ಒಳಗಿನ ಹಲ್ಲಿನ ಲೆಕ್ಕ ಬೇರೆ ಇರುವ ಬಾಕ್ಸ್‌ಗಳಿವೆ. ಹಳೇದರ ಮೇಲಿನ ನಂಬರ್, ಬಂದದ್ದರ ನಂಬರ್ ಎರಡನ್ನೂ ಮೊಬೈಲಲ್ಲಿ ಫೋಟೋ ಹೊಡೆದಿಟ್ಟುಕೊಂಡಿದ್ರೆ ಇಲ್ಲಿ ಉಪಯೋಗಕ್ಕೆ ಬರುತ್ತೆ.

ಡಿ ಚೆನ್ನಾಗಿ ಹಿಡಿಯುತ್ತೆ, ರಿವರ್ಸ್ ಇಲ್ಲವೇ ಇಲ್ಲ. ಅಥವಾ ಬಿಸಿಯಾದ ಮೇಲೆ ಮಾತ್ರ ಜಾರುತ್ತೆ. ಆಯಿಲ್, ಕೇಬಲ್, ವೈರಿಂಗ್ ಎಲ್ಲಾ ಸರಿ ಇದ್ದೂ ಹೀಗಾದ್ರೆ ಬಾಕ್ಸ್ ಮೇಲೇ ಅನುಮಾನ ಪಡಬೇಕಾಗುತ್ತೆ. ಮಾರಿದವರ ಹತ್ತಿರ ವಾದ ಮಾಡೋಕೆ ನಿಮಗೆ ಜಾಗ ಇರೋದು ಇಲ್ಲೇ.

ಸದ್ದು, ನಡುಕದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಬ್ರೇಕ್ ಒತ್ತಿ ಡಿಯಲ್ಲಿ ನಿಂತಾಗ ನಡುಗಿದರೆ ಮೌಂಟಿಂಗ್. ವೇಗ ಏರಿದಂತೆ ನಡುಕ ಏರಿದರೆ ಆಕ್ಸಲ್. ತಿರುವಲ್ಲಿ 'ಕಟ ಕಟ' ಅಂದ್ರೆ ಸಿವಿ ಜಾಯಿಂಟ್. ಐಡಲ್‌ನಲ್ಲಿ ಎಂಜಿನ್ ಬಡಿದಂತೆ ಕೇಳಿಸಿದರೆ ಎಂಜಿನ್ ಬಿಚ್ಚೋ ಮುಂಚೆ ಕನ್ವರ್ಟರ್ ಬೋಲ್ಟ್ ಸಡಿಲ ಇದೆಯಾ, ಫ್ಲೆಕ್ಸ್ ಪ್ಲೇಟ್ ಸೀಳಿದೆಯಾ ನೋಡಿಸಿ.

ಹಳೇ ಬಾಕ್ಸ್ ಸತ್ತಾಗ ಅದರ ಲೋಹದ ಪುಡಿ ರೇಡಿಯೇಟರ್ ಒಳಗಿನ ಆಯಿಲ್ ಕೂಲರ್‌ನಲ್ಲೂ ಸೇರಿರುತ್ತೆ. ಅದನ್ನ ತೊಳೆಯದೆ ಬಾಕ್ಸ್ ಹಾಕಿದರೆ ಅದೇ ಪುಡಿ ಹೊಸದಕ್ಕೆ ಹೋಗುತ್ತೆ, ಮೊದಮೊದಲು ಚೆನ್ನಾಗಿ ಓಡಿ ಆಮೇಲೆ ಕೈಕೊಡೋಕೆ ಇದೊಂದು ಕಾರಣ. ಆಯಿಲ್ ಸ್ಟ್ರಾಬೆರಿ ಮಿಲ್ಕ್‌ಶೇಕ್ ಬಣ್ಣಕ್ಕೆ ತಿರುಗಿದ್ರೆ ಕೂಲರ್ ಒಡೆದು ಕೂಲಂಟ್ ಬೆರೆತಿದೆ. ಆಗ ಓಡಿಸಲೇಬೇಡಿ.

ದಾರೀಲಿ ನಿಂತರೆ ನಮ್ಮ ಕಡೆ ಮೊದಲು ನೆನಪಾಗೋದು ಟ್ರ್ಯಾಕ್ಟರ್, ಹಗ್ಗ. ಆಟೋಮ್ಯಾಟಿಕ್ ಗಾಡಿಗೆ ಅದು ಬೇಡ. ಎಂಜಿನ್ ಆಫ್ ಇದ್ದಾಗ ಆಯಿಲ್ ಪಂಪ್ ತಿರುಗಲ್ಲ, ಚಕ್ರದ ಜೊತೆ ಬಾಕ್ಸ್ ಒಳಗಿನ ಭಾಗಗಳು ಒಣಗಿದಂತೆ ಉಜ್ಜುತ್ತವೆ. ಮುಂದಿನ ಚಕ್ರ ಎಳೆಯೋ ಗಾಡಿಯಾದ್ರೆ ಮುಂಭಾಗ ಎತ್ತಿ ಒಯ್ಯಬೇಕು, ಇಲ್ಲಾ ಪೂರ್ತಿ ಗಾಡೀನೇ ಹೊರುವ ಟೋಯಿಂಗ್ ಲಾರಿ ಕರೆಸಬೇಕು.

ಕೊನೇದಾಗಿ ಬಿಲ್. ಆರ್‌ಸಿಯಲ್ಲಿ ಎಂಜಿನ್ ನಂಬರ್, ಚಾಸಿ ನಂಬರ್ ಇರುತ್ತೆ, ಗೇರ್‌ಬಾಕ್ಸ್‌ನದು ಇರಲ್ಲ. ಯಾವ ಬಾಕ್ಸ್ ಕೊಟ್ಟರು ಅನ್ನೋದಕ್ಕೆ ಬಿಲ್ಲೇ ಸಾಕ್ಷಿ. ಬಾಕ್ಸ್ ನಂಬರ್, ಎಷ್ಟು ದಿನ ಗ್ಯಾರಂಟಿ, ಬಿಚ್ಚಿ ಹಾಕೋ ಕೂಲಿ ಅದರಲ್ಲಿ ಸೇರುತ್ತಾ ಇಲ್ವಾ, ಮೂರನ್ನೂ ಬರೆಸಿಕೊಳ್ಳಿ.